ಮುಪ್ಪಿಗೆ ಒಗ್ಗುವ ಮನೆ ನಕ್ಷೆಯಲ್ಲೇ ಶುರುವಾಗಬೇಕು: ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಮುಖ್ಯ ಆಯುಕ್ತರು, ಗ್ರೇಟರ್ ಬೆಂಗಳೂರು ಪ್ರಾಧಿಕಾರ
ಆಯುಕ್ತರು, ಐದೂ ನಗರ ಪಾಲಿಕೆಗಳು
ಆಯುಕ್ತರು, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮತ್ತು ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ

ವಿಷಯ: ವಾಸದ ಮನೆಗಳ ನಕ್ಷೆ ಮಂಜೂರಾತಿಯಲ್ಲಿ ಹಿರಿಯರಿಗೆ ಬೇಕಾದ ಅಳತೆಗಳನ್ನು ಕಡ್ಡಾಯ ಮಾಡುವ ಕುರಿತು.

ಮಾನ್ಯರೇ,

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅರವತ್ತು ದಾಟಿದವರು ಶೇ 9.5. ಕೇಂದ್ರ ಸರ್ಕಾರದ ಜನಸಂಖ್ಯಾ ಅಂದಾಜಿನಂತೆ 2031ಕ್ಕೆ ಅವರ ಪಾಲು ಶೇ 15 ಆಗಲಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲವಂತಿಕೆ ದರ (ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ) 1.7ಕ್ಕೆ ಇಳಿದಿತ್ತು. ಅಂದರೆ ವಯಸ್ಸಾದವರು ಹೆಚ್ಚುತ್ತಾರೆ, ಅವರ ಕೈಹಿಡಿದು ಮೆಟ್ಟಿಲಿಳಿಸುವ ಮಕ್ಕಳು ಕಡಿಮೆಯಾಗುತ್ತಾರೆ. ಇವತ್ತು ಬೆಂಗಳೂರಿನಲ್ಲಿ ಪಾಯ ತೋಡುತ್ತಿರುವ ಮನೆ ಐವತ್ತು ವರ್ಷವಾದರೂ ನಿಲ್ಲುತ್ತದೆ. ಮೂವತ್ತೈದರ ವಯಸ್ಸಿನಲ್ಲಿ ಸಾಲ ಮಾಡಿ ಕಟ್ಟಿಸುವವರು ಅದೇ ಮನೆಯಲ್ಲಿ ಎಪ್ಪತ್ತು, ಎಂಬತ್ತು ದಾಟಬೇಕು. ಹಾಗಾಗಿ ‘ಹಿರಿಯರ ವಸತಿ’ ಎಂದರೆ ವೃದ್ಧಾಶ್ರಮ ಅಥವಾ ಊರಾಚೆಯ ನಿವೃತ್ತರ ಬಡಾವಣೆ ಎಂದಷ್ಟೇ ತಿಳಿಯುವುದನ್ನು ಮೊದಲು ಬಿಡಬೇಕಾಗಿದೆ. ನೀವು ಈ ವಾರ ಮಂಜೂರು ಮಾಡುವ ಪ್ರತಿಯೊಂದು ನಕ್ಷೆಯೂ ಹಿರಿಯರ ವಸತಿಯ ನಕ್ಷೆಯೇ.

ಮನೆಯಲ್ಲಿ ಕೆಲವನ್ನು ಆಮೇಲೆ ಸೇರಿಸಿಕೊಳ್ಳಬಹುದು: ಹಿಡಿಕೆ, ಒರಟು ಟೈಲ್ಸ್, ಎತ್ತರದ ಕಮೋಡ್, ರಾತ್ರಿ ದೀಪ. ಕೆಲವನ್ನು ಕಾಂಕ್ರೀಟ್ ಬಿದ್ದ ಮೇಲೆ ಸೇರಿಸಲು ಆಗುವುದೇ ಇಲ್ಲ, ಹೇಗೋ ಸೇರಿಸಿದರೂ ಅದು ಮನೆಯ ಬೆಲೆಯ ದೊಡ್ಡ ಭಾಗವನ್ನೇ ನುಂಗುತ್ತದೆ: ಲಿಫ್ಟಿನ ಜಾಗ, ಮೆಟ್ಟಿಲಿನ ಏರು, ಬಾಗಿಲಿನ ಅಗಲ, ನೆಲದ ಮಟ್ಟ, ಬಚ್ಚಲಿನ ಗೋಡೆಯ ಗಟ್ಟಿತನ. ಮೊದಲನೆಯದನ್ನು ಜನರ ವಿವೇಚನೆಗೆ ಬಿಡಬಹುದು, ಎರಡನೆಯದನ್ನು ಬಿಡಲಾಗದು. ನಮ್ಮ ಕೋರಿಕೆಯೆಲ್ಲ ಈ ಎರಡನೆಯ ಗುಂಪಿನ ಬಗ್ಗೆ.

ನಗರದ ಸಾಮಾನ್ಯ ಕಟ್ಟಡವನ್ನೇ ತೆಗೆದುಕೊಳ್ಳೋಣ. 30×40 ಸೈಟು, ಕೆಳಗೆ ಕಂಬಗಳ ನಡುವೆ ಕಾರು ನಿಲ್ಲಿಸುವ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ಮೂರು ಮಹಡಿ. ಕಾರಿಗೆ ಜಾಗ ಬಿಡಲೇಬೇಕೆಂಬ ನಿಯಮದಿಂದ ನೆಲಮಟ್ಟದಲ್ಲಿ ವಾಸದ ಕೋಣೆ ಎಂಬುದೇ ಇಲ್ಲವಾಗಿದೆ. ಮಲ್ಲೇಶ್ವರ, ಬಸವನಗುಡಿ, ಜಯನಗರಗಳ ಹಳೆಯ ಮನೆಗಳಲ್ಲಿ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ ಸಿಗುತ್ತಿತ್ತು. ಅದೇ ಜಾಗದಲ್ಲಿ ಈಗ ಎದ್ದ ಕಟ್ಟಡದ ಮೂರನೇ ಮಹಡಿ ನೆಲದಿಂದ ಸುಮಾರು 8.7 ಮೀಟರ್ ಮೇಲಿದೆ. ಏಳೂವರೆ ಇಂಚಿನ ಏರಿನ ಲೆಕ್ಕದಲ್ಲಿ ನಲವತ್ತೈದಕ್ಕೂ ಹೆಚ್ಚು ಮೆಟ್ಟಿಲು. ಮೊಣಕಾಲು ಸವೆದವರು ಇಷ್ಟನ್ನು ದಿನಕ್ಕೊಮ್ಮೆ ಹತ್ತುವುದೂ ಕಷ್ಟ. ಪಾರ್ಶ್ವವಾಯು ಬಡಿದವರಿಗಂತೂ ಆ ಮನೆ ಸೆರೆಯೇ ಆಗುತ್ತದೆ.

ಇಂಥ ಸೈಟಿನಲ್ಲಿ ಇವತ್ತೇ ಲಿಫ್ಟ್ ಹಾಕಿಸಿ ಎಂದು ನಾವು ಕೇಳುತ್ತಿಲ್ಲ. ನಾಳೆ ಹಾಕಿಸಲು ಜಾಗ ಬಿಡಿಸಿ ಎಂದು ಕೇಳುತ್ತಿದ್ದೇವೆ. ಗಾಲಿಕುರ್ಚಿ ಮತ್ತು ಅದನ್ನು ತಳ್ಳುವವರು ಒಟ್ಟಿಗೆ ನಿಲ್ಲಲು ಲಿಫ್ಟಿನ ಪೆಟ್ಟಿಗೆ ಒಳಗೆ 1,100 ಮಿ.ಮೀ. ಅಗಲ, 1,400 ಮಿ.ಮೀ. ಆಳ ಇರಬೇಕು, ಬಾಗಿಲು 800ಕ್ಕೆ ಕಡಿಮೆಯಾಗಬಾರದು. ಅದಕ್ಕೆ ಬೇಕಾಗುವ ಡಕ್ಟ್, ಅಂದರೆ ಲಿಫ್ಟ್ ಮೇಲೆ ಕೆಳಗೆ ಓಡಾಡುವ ಜಾಗ, ಸುಮಾರು ಐದೂವರೆ ಅಡಿಗೆ ಆರು ಅಡಿ. ಮೆಟ್ಟಿಲ ಪಕ್ಕದಲ್ಲಿ ಪ್ರತಿ ಮಹಡಿಯಲ್ಲೂ ಇಷ್ಟು ಜಾಗವನ್ನು ನಾಲ್ಕೂ ಬದಿ ಬೀಮ್ ಕೊಟ್ಟು, ಪ್ರತ್ಯೇಕ ಸ್ಲ್ಯಾಬ್ ತುಂಡಾಗಿ ಹಾಕಿಸಬೇಕು. ಮುಖ್ಯ ಕಂಬಿಗಳು ಅದರ ಮೂಲಕ ಹಾಯಬಾರದು. ಅಲ್ಲಿಯವರೆಗೆ ಅದು ದೇವರ ಮನೆಯೋ, ಸಾಮಾನಿನ ಕೋಣೆಯೋ ಆಗಿರಲಿ. ಬೇಕಾದ ದಿನ ಆ ತುಂಡನ್ನು ಮಾತ್ರ ಕತ್ತರಿಸಿ ತೆಗೆದರೆ ಕಟ್ಟಡದ ಬಲಕ್ಕೆ ಧಕ್ಕೆಯಾಗುವುದಿಲ್ಲ.

ಇದರಲ್ಲಿ ಎಡವುವುದು ಮೂರು ಕಡೆ. ಮೊದಲನೆಯದು ಕೆಳಗಿನ ಗುಂಡಿ. ಲಿಫ್ಟಿಗೆ ನೆಲದಿಂದ ಸುಮಾರು 1.5 ಮೀಟರ್ ಆಳದ ಗುಂಡಿ ಬೇಕು. ಪಾಯದ ಹೊತ್ತಿನಲ್ಲೇ ಅದನ್ನು ಕಾಂಕ್ರೀಟ್ ತೊಟ್ಟಿಯಂತೆ ಕಟ್ಟಿ, ನೀರು ಜಿನುಗದಂತೆ ಮಾಡಿ, ಮರಳು ತುಂಬಿ ಮುಚ್ಚಿಟ್ಟರೆ ಖರ್ಚು ಅಲ್ಪ. ಹತ್ತು ವರ್ಷ ಕಳೆದು ಪಿಲ್ಲರ್ ಫುಟಿಂಗಿನ (ಕಂಬದ ಬುಡದ ಪಾಯದ) ಮಗ್ಗುಲಲ್ಲಿ ತೋಡಲು ಹೊರಟರೆ ಫುಟಿಂಗಿನ ಕೆಳಗಿನ ಮಣ್ಣೇ ಸಡಿಲವಾಗುತ್ತದೆ. ಯಾವ ಎಂಜಿನಿಯರೂ ಸಹಿ ಹಾಕುವುದಿಲ್ಲ. ಎರಡನೆಯದು ಸಂಪು. ಕಾರು ನಿಲ್ಲುವ ಜಾಗದ ಕೆಳಗೆ ಸಂಪು ಮಾಡುವ ರೂಢಿಯಿಂದ, ಅದು ಮೆಟ್ಟಿಲ ಪಕ್ಕಕ್ಕೇ ಬಂದು ಲಿಫ್ಟಿನ ಜಾಗ ತಿಂದುಬಿಡುತ್ತದೆ. ನಕ್ಷೆಯಲ್ಲಿ ಎರಡನ್ನೂ ಒಟ್ಟಿಗೆ ತೋರಿಸಬೇಕೆಂದು ನಿಯಮ ಮಾಡಿದರೆ ಇದು ತಪ್ಪುತ್ತದೆ. ಮೂರನೆಯದು ನೆತ್ತಿಯ ಎತ್ತರ. ಕೊನೆಯ ಮಹಡಿಯ ನೆಲದಿಂದ ಲಿಫ್ಟಿನ ಮೇಲ್ಚಾವಣಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು ಬೇಕಾಗುತ್ತದೆ, ಆದರೆ ನೀರಿನ ಟ್ಯಾಂಕನ್ನು ಕೂರಿಸುವುದು ಸರಿಯಾಗಿ ಅಲ್ಲೇ. ಈ ಡಕ್ಟಿನ ವಿಸ್ತೀರ್ಣವನ್ನು, ಸೈಟಿನ ಅಳತೆಗೆ ಎಷ್ಟು ಕಟ್ಟಬಹುದೆಂದು ಮಿತಿ ಹಾಕುವ ಎಫ್‌ಎಆರ್ ಲೆಕ್ಕದಿಂದ ಪೂರ್ತಿ ಕೈಬಿಡಿ. ಒಂದು ಅಡಿಯನ್ನೂ ಕಳೆದುಕೊಳ್ಳುವುದಿಲ್ಲ ಎಂದಾದರೆ ಕಟ್ಟಿಸುವವರು ಒಪ್ಪುತ್ತಾರೆ.

ಇದಕ್ಕಿಂತಲೂ ಒಳ್ಳೆಯ ದಾರಿ ನೆಲಮಟ್ಟದಲ್ಲೇ ಒಂದು ಪುಟ್ಟ ಮನೆ. ಇಂಥ ಸೈಟಿನಲ್ಲಿ ಎರಡು ಕಾರು, ಮೆಟ್ಟಿಲು ಕಳೆದ ಮೇಲೂ ಹಿಂಬದಿಯಲ್ಲಿ 300–350 ಚದರಡಿ ಉಳಿಸಿಕೊಳ್ಳಬಹುದು. ಒಂದು ಕೋಣೆ, ಅಡುಗೆಗೆ ಒಂದು ಗೋಡೆ, ಗಾಲಿಕುರ್ಚಿ ತಿರುಗುವ ಬಚ್ಚಲು. ಹಿರಿಯರ ಅಳತೆಗೆ ಕಟ್ಟಿದ್ದರೆ ಇದನ್ನೂ ಎಫ್‌ಎಆರ್‌ನಿಂದ ಬಿಟ್ಟುಬಿಡಿ. ಅಂಗಡಿಯಾಗಿ ಬಾಡಿಗೆಗೆ ಹೋದೀತೆಂಬ ಅನುಮಾನ ನಿಮಗಿದ್ದರೆ ರಸ್ತೆಯ ಕಡೆಗೆ ಶಟರ್ ಇಡುವಂತಿಲ್ಲ ಎಂಬ ಒಂದು ಷರತ್ತು ಸಾಕು.

ಮೆಟ್ಟಿಲಿನ ವಿಷಯದಲ್ಲಿ ಸತ್ಯ ಹೇಳಿಬಿಡಬೇಕು: ಒಳ್ಳೆಯ ಮೆಟ್ಟಿಲು ಜಾಗ ಕೇಳುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗೆ 190 ಮಿ.ಮೀ. ಏರು (ಒಂದು ಮೆಟ್ಟಿಲಿನ ಎತ್ತರ), 250 ಮಿ.ಮೀ. ತುಳಿಯನ್ನು (ಕಾಲಿಡುವ ಅಗಲ) ಕೊನೆಯ ಮಿತಿಯಾಗಿ ಇಟ್ಟಿದೆ. ನಮ್ಮಲ್ಲಿ ಆ ಮಿತಿಯೇ ಮಾದರಿಯಾಗಿಬಿಟ್ಟಿದೆ. ಏರನ್ನು 165ಕ್ಕೆ ಇಳಿಸಿ, ತುಳಿಯನ್ನು 280ಕ್ಕೆ ಏರಿಸಿ, ತಿರುವಿನ ಜಾಗವನ್ನು ಮೂರು ಅಡಿಯಿಂದ ನಾಲ್ಕಡಿಗೆ ಹಿಗ್ಗಿಸಿದರೆ ಮೆಟ್ಟಿಲ ಕೋಣೆ ಸುಮಾರು ಮೂರೂವರೆ ಅಡಿ ಉದ್ದವಾಗುತ್ತದೆ. ಚಿಕ್ಕ ಸೈಟಿನಲ್ಲಿ ಇದು ಸಣ್ಣ ನಷ್ಟವಲ್ಲ. ಲಿಫ್ಟಿನ ಜಾಗ ಬಿಟ್ಟವರಿಗೆ ಇದರಲ್ಲಿ ಸ್ವಲ್ಪ ರಿಯಾಯಿತಿ ಕೊಡಬಹುದು. ಆದರೆ ತಿರುವಿನಲ್ಲಿ ಜಾಗ ಉಳಿಸಲು ಹಾಕುವ ಮೂರು ಮೂಲೆಯ ಮೆಟ್ಟಿಲುಗಳನ್ನು ಯಾರಿಗೂ ಬಿಡಬೇಡಿ. ಅವುಗಳ ಒಳತುದಿಯಲ್ಲಿ ಕಾಲಿಡಲು ಎರಡು ಮೂರು ಇಂಚೂ ಇರುವುದಿಲ್ಲ. ಇಳಿಯುವಾಗ ಹಿಮ್ಮಡಿ ಜಾರುವುದು ಅಲ್ಲೇ. ರೋಗಿಯನ್ನು ಮಲಗಿಸಿದ ಸ್ಟ್ರೆಚರ್ ಕೂಡ ಅಂಥ ತಿರುವಿನಲ್ಲಿ ಹೊರಳುವುದಿಲ್ಲ. ಕೊನೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಇಳಿಸಬೇಕಾಗುತ್ತದೆ, ಸೊಂಟದ ಮೂಳೆ ಮುರಿದವರನ್ನೂ ಸೇರಿ. ಎರಡೂ ಬದಿಗೆ 900 ಮಿ.ಮೀ. ಎತ್ತರದಲ್ಲಿ ಕೈಹಿಡಿಯುವ ಕಂಬಿ ಇರಲಿ. ಪಾರ್ಶ್ವವಾಯು ಆದವರಿಗೆ ಒಂದೇ ಕೈ ಕೆಲಸ ಮಾಡುತ್ತದೆ. ಒಂದೇ ಬದಿ ಕಂಬಿಯಿದ್ದರೆ ಹತ್ತುವಾಗ ಸಿಕ್ಕಿದ ಆಸರೆ ಇಳಿಯುವಾಗ ಸಿಗುವುದಿಲ್ಲ.

ಇನ್ನು ರಸ್ತೆಯ ಮಟ್ಟ. ಮನೆಯ ಮೆಟ್ಟಿಲಿಗೂ ಪಾಲಿಕೆಯ ಡಾಂಬರಿಗೂ ನೇರ ಸಂಬಂಧವಿದೆ, ಆದರೆ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸದನ್ನು ಹಾಕುವುದರಿಂದ ರಸ್ತೆ ಪ್ರತಿ ಸಲ 30–50 ಮಿ.ಮೀ. ಎತ್ತರವಾಗುತ್ತದೆ. ನಾಲ್ಕೈದು ಸಲಕ್ಕೆ ಒಂದು ಮೆಟ್ಟಿಲಿನಷ್ಟು. ಮಳೆನೀರು ಹಳೆಯ ಮನೆಗಳೊಳಗೆ ನುಗ್ಗುತ್ತದೆ. ಅದನ್ನು ನೋಡಿದ ಪಕ್ಕದವರು ಹೊಸ ಮನೆಯ ನೆಲವನ್ನು ರಸ್ತೆಗಿಂತ ಎರಡಡಿ ಎತ್ತರಿಸಿ ಕಟ್ಟಿಸುತ್ತಾರೆ. ಈಗ ಇಳಿಜಾರಿನ ಲೆಕ್ಕ ಹಾಕಿ: ಗಾಲಿಕುರ್ಚಿಗೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು, ಎರಡಡಿಗೆ ಇಪ್ಪತ್ತನಾಲ್ಕು ಅಡಿ. 40 ಅಡಿ ಉದ್ದದ ಸೈಟಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಒಂದಕ್ಕೆ ನಾಲ್ಕರ ಕಡಿದಾದ ಕಾಂಕ್ರೀಟ್ ಇಳಿಜಾರನ್ನು ಫುಟ್‌ಪಾತಿನ ಮೇಲೆ ಚಾಚುತ್ತಾರೆ. ಅದರ ಮೇಲೆ ಕಾರು ಹತ್ತುತ್ತದೆ, ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಮನೆಮನೆಗೂ ಹೀಗೆ ಚಾಚಿದ ಮೇಲೆ ಫುಟ್‌ಪಾತಿನಲ್ಲಿ ಊರುಗೋಲು ಹಿಡಿದು ನಡೆಯುವುದೂ ಆಗದು. ಆದ್ದರಿಂದ ವಾಸದ ರಸ್ತೆಗಳಲ್ಲಿ ಕೆರೆದು ತೆಗೆಯದೆ ಡಾಂಬರು ಹಾಕುವುದನ್ನು ಟೆಂಡರ್ ಷರತ್ತಿನಲ್ಲೇ ನಿಷೇಧಿಸಿ. ಪ್ರತಿ ರಸ್ತೆಗೆ ಒಂದು ಸ್ಥಿರ ಮಟ್ಟ ಗೊತ್ತುಮಾಡಿ, ನಕ್ಷೆ ಮಂಜೂರಾತಿಯ ಪತ್ರದಲ್ಲಿ ಬರೆದುಕೊಡಿ. ರಸ್ತೆ ಏರುವುದಿಲ್ಲ ಎಂಬ ನಂಬಿಕೆ ಬಂದರೆ ಮನೆಯ ನೆಲಕ್ಕೆ ಆರು ಇಂಚಿನ ಪೀಠವೇ ಸಾಕಾಗುತ್ತದೆ, ಆರಡಿ ಇಳಿಜಾರಿನಲ್ಲಿ ಕೆಲಸ ಮುಗಿಯುತ್ತದೆ.

ಬಚ್ಚಲುಮನೆಯ ಬಗ್ಗೆ ಕೊಂಚ ವಿವರವಾಗಿ ಬರೆಯಲು ಅಪ್ಪಣೆ ಕೊಡಿ, ಏಕೆಂದರೆ ವಯಸ್ಸಾದವರು ಬೀಳುವ ಜಾಗಗಳಲ್ಲಿ ಅದು ಮುಖ್ಯವಾದದ್ದು, ಮತ್ತು ಅದರ ದೋಷಗಳು ಹೆಚ್ಚಿನವು ನಾಲ್ಕೈದು ಇಂಚಿನ ಲೆಕ್ಕದವು. ಎರಡೂವರೆ ಅಡಿ ಬಾಗಿಲು ಎಂದು ನಕ್ಷೆಯಲ್ಲಿರುತ್ತದೆ. ಚೌಕಟ್ಟು, ಕದದ ದಪ್ಪ ಕಳೆದರೆ ಉಳಿಯುವುದು 25–26 ಇಂಚು. ಸಾಮಾನ್ಯ ಗಾಲಿಕುರ್ಚಿಯ ಅಗಲವೇ ಅಷ್ಟು, ಚಕ್ರ ತಳ್ಳುವ ಕೈಗೆ ಜಾಗವಿಲ್ಲ. ಗೋಡೆಯಲ್ಲಿ 1,000 ಮಿ.ಮೀ. ಕಿಂಡಿ ಬಿಟ್ಟರೆ 900 ಚೊಕ್ಕವಾಗಿ ಸಿಗುತ್ತದೆ. ಕದ ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಕದದ ಹಿಂದೆ ಯಾರಾದರೂ ಬಿದ್ದರೆ ಅವರ ಮೈಯೇ ಕದಕ್ಕೆ ಅಡ್ಡವಾಗುತ್ತದೆ, ಒಡೆದರೂ ಅವರ ಮೇಲೆಯೇ ಬೀಳುತ್ತದೆ. ಒಳಗಿನ ಚಿಲಕದ ಬದಲು ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಿ ತೆರೆಯಬಹುದಾದ ಬೀಗ ಇರಲಿ. ನೀರು ಹೊರಬಾರದೆಂದು ಬಾಗಿಲಲ್ಲಿ ಕೂರಿಸುವ ಎರಡಿಂಚಿನ ಗ್ರಾನೈಟ್ ಪಟ್ಟಿಯೇ ಕಾಲು ಎತ್ತಿಡಲಾಗದವರನ್ನು ಎಡವಿಸುತ್ತದೆ. ಅದರ ಬದಲಿಗೆ ಬಾಗಿಲಿನುದ್ದಕ್ಕೂ ಜಾಲರಿಯ ಉದ್ದ ಮೋರಿ ಕೊಟ್ಟು, ನೆಲಕ್ಕೆ ಮೀಟರಿಗೆ 10–15 ಮಿ.ಮೀ. ವಾಟ ಕೊಟ್ಟರೆ ಪಟ್ಟಿ ಬೇಕಾಗುವುದಿಲ್ಲ. ಇದಕ್ಕೆ ಬಚ್ಚಲಿನ ಸ್ಲ್ಯಾಬ್ ಎಷ್ಟು ತಗ್ಗಬೇಕೆಂದು ಮೊದಲೇ ಲೆಕ್ಕ ಹಾಕಿರಬೇಕು. ಟೈಲ್ಸ್ ಹಾಕುವ ದಿನ ಮೇಸ್ತ್ರಿಗೆ ಹೇಳಿ ಪ್ರಯೋಜನವಿಲ್ಲ.

ಗೋಡೆಯದು ಇನ್ನೊಂದು ಕತೆ. ಹಾಲೋ ಬ್ಲಾಕ್ ಅಥವಾ ಗಾಳಿಗುಳ್ಳೆ ತುಂಬಿದ ಹಗುರ ಎಎಸಿ ಬ್ಲಾಕಿನ ಗೋಡೆಗೆ ಹಿಡಿಕೆ ಕೂರಿಸಿದರೆ ಸ್ಕ್ರೂಗಳು ಮೊದಲ ಕೆಲವು ತಿಂಗಳು ಹಿಡಿದಂತೆ ತೋರುತ್ತವೆ. ಬೀಳುವಾಗ ಇಡೀ ಮೈಭಾರ ಒಮ್ಮೆಲೇ ಜಗ್ಗಿದಾಗ ಪ್ಲಗ್ ಸಮೇತ ಕಿತ್ತು ಬರುತ್ತವೆ. ಟವೆಲ್ ಹಾಕುವ ಸರಳಂತೂ ಆಸರೆಯೇ ಅಲ್ಲ, ಆದರೆ ಜಾರಿದ ಕೈ ಅದನ್ನೇ ಹಿಡಿಯುತ್ತದೆ. ಟೈಲ್ಸಿಗೆ ಅಂಟುವ ರಬ್ಬರ್ ಬಟ್ಟಲಿನ ಹಿಡಿಕೆಗಳು ಟೈಲ್ಸ್ ಸಂದಿನ ಮೇಲೆ ಗಾಳಿ ಹಿಡಿದು ಬಿಟ್ಟುಕೊಳ್ಳುತ್ತವೆ. ಪರಿಹಾರ ಸುಲಭ: ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದ ಸುತ್ತ, ನೆಲದಿಂದ 600ರಿಂದ 1,200 ಮಿ.ಮೀ. ಎತ್ತರದವರೆಗೆ ಘನ ಕಾಂಕ್ರೀಟ್ ಬ್ಲಾಕ್ ಬಳಸುವುದು, ಅಥವಾ ಹಾಲೋ ಬ್ಲಾಕಿನ ತೂತುಗಳಿಗೆ ಕಾಂಕ್ರೀಟ್ ತುಂಬುವುದು. ಆ ಪಟ್ಟಿಯಲ್ಲಿ ನೀರಿನ ಪೈಪು ಹಾಯಿಸಬಾರದು. ಹಾಯಿಸಿದರೆ ಮುಂದೆ ಡ್ರಿಲ್ ಮಾಡುವವರು ಪೈಪಿಗೇ ತೂತು ಹೊಡೆಯುತ್ತಾರೆ. ಟೈಲ್ಸ್ ಮುಚ್ಚುವ ಮುನ್ನ ಪೈಪುಗಳ ಫೋಟೊ ತೆಗೆದು ಮಾಲೀಕರಿಗೆ ಕೊಡುವುದನ್ನು ಕಡ್ಡಾಯ ಮಾಡಿ. ಸೀಟಿನ ಎತ್ತರ 450–480 ಮಿ.ಮೀ. ಇರಬೇಕು, ಅಡ್ಡ ಹಿಡಿಕೆ ಅದಕ್ಕಿಂತ 200–250 ಮಿ.ಮೀ. ಮೇಲೆ. ಇವನ್ನು ಆಮೇಲೆ ಕೂರಿಸಿಕೊಳ್ಳಬಹುದು, ಗೋಡೆ ಮೊದಲೇ ಗಟ್ಟಿಯಿದ್ದರೆ ಮಾತ್ರ.

ಬಿಸಿನೀರಿನ ವಿಷಯ ಬೆಂಗಳೂರಿಗೇ ವಿಶೇಷ. ಇಲ್ಲಿ ಮನೆಮನೆಯ ಮೇಲೂ ಸೋಲಾರ್ ಹೀಟರ್ ಇದೆ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಟ್ಯಾಂಕಿನ ನೀರು 60 ಡಿಗ್ರಿ ದಾಟುತ್ತದೆ. ಆ ಬಿಸಿಗೆ ತೆಳುವಾದ ಚರ್ಮ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ; ಮಧುಮೇಹದಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯದು. ನೀರನ್ನು ತಾನೇ ಬೆರೆಸಿ 43–45 ಡಿಗ್ರಿಗೆ ಮೀರದಂತೆ ತಡೆಯುವ ಥರ್ಮೋಸ್ಟಾಟಿಕ್ ವಾಲ್ವ್ ಮಾರುಕಟ್ಟೆಯಲ್ಲಿದೆ. ಸೋಲಾರ್ ಕಡ್ಡಾಯ ಮಾಡಿದ ಸರ್ಕಾರ ಈ ವಾಲ್ವನ್ನೂ ಜೊತೆಗೇ ಕಡ್ಡಾಯ ಮಾಡಲಿ.

ಅಪಾರ್ಟ್‌ಮೆಂಟ್‌ಗಳಲ್ಲಿ ಲಿಫ್ಟ್ ಇರುತ್ತದೆ, ಆದರೆ ಅನೇಕ ಕಡೆ ಆರು ಜನರದು. ಭಾರತೀಯ ಮಾನಕದ ಪ್ರಕಾರ ಅದರ ಪೆಟ್ಟಿಗೆ 1,100×1,000 ಮಿ.ಮೀ., ಬಾಗಿಲು 700. ಗಾಲಿಕುರ್ಚಿಯೇ ಹಿಡಿಸದು, ಸ್ಟ್ರೆಚರಿನ ಮಾತು ಹಾಗಿರಲಿ. ಪ್ರತಿ ಬ್ಲಾಕಿಗೆ ಕನಿಷ್ಠ ಒಂದಾದರೂ ಹದಿಮೂರು ಜನರ, 884 ಕೆ.ಜಿ. ಲಿಫ್ಟ್, ಎರಡು ಮೀಟರ್ ಆಳದ ಪೆಟ್ಟಿಗೆ, 900 ಬಾಗಿಲಿನದು ಇರಬೇಕು. ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ವ್ಯವಸ್ಥೆ ಮಾತ್ರ ಸಾಲದು. ಆ ಒಂದು ಲಿಫ್ಟಾದರೂ ಜನರೇಟರಿನಲ್ಲಿ ಓಡುತ್ತಿರಬೇಕು.

ಈಗಾಗಲೇ ಎದ್ದುನಿಂತಿರುವ ಲಿಫ್ಟಿಲ್ಲದ ಕಟ್ಟಡಗಳದು ಬೇರೆ ಸಮಸ್ಯೆ. ಹೊರಗೋಡೆಗೆ ಲಿಫ್ಟ್ ಅಂಟಿಸುವುದು ಸಾಧ್ಯ. ಆದರೆ ಹೊರಗೋಡೆಗೆ ತಾಗಿರುವುದು ಸಾಮಾನ್ಯವಾಗಿ ಮೆಟ್ಟಿಲಿನ ನಡುತಿರುವು. ಅಲ್ಲಿ ಲಿಫ್ಟ್ ನಿಂತರೆ ಇನ್ನೂ ಎಂಟು ಮೆಟ್ಟಿಲು ಹತ್ತಬೇಕು ಅಥವಾ ಇಳಿಯಬೇಕು. ಕೆಲಸ ಪೂರ್ತಿ ಆಗಬೇಕಾದರೆ ಬಾಲ್ಕನಿ ಅಥವಾ ಯುಟಿಲಿಟಿಯ ಕಡೆಯಿಂದ ಮನೆಯ ಮಟ್ಟಕ್ಕೇ ಲಿಫ್ಟ್ ಬಂದು ನಿಲ್ಲಬೇಕು. ಇದಕ್ಕೆ ಅಡ್ಡಿ ಎರಡು: ಸೆಟ್‌ಬ್ಯಾಕಿನಲ್ಲಿ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ) ಏನೂ ಕಟ್ಟುವಂತಿಲ್ಲ ಎಂಬ ನಿಯಮ, ಮತ್ತು ನೆಲಮಹಡಿಯವರ ತಕರಾರು. ಮೊದಲನೆಯದಕ್ಕೆ ಅಗ್ನಿಶಾಮಕ ವಾಹನದ ದಾರಿ ಉಳಿಯುವಷ್ಟು ಜಾಗವಿದ್ದರೆ ವಿನಾಯಿತಿ ಕೊಡಿ. ಎರಡನೆಯದು ನ್ಯಾಯವಾದ ತಕರಾರೇ. ಬೆಳಕು ಕಳೆದುಕೊಳ್ಳುವವರು ಅವರು, ಉಪಯೋಗ ಮೇಲಿನವರಿಗೆ. ನೆಲಮಹಡಿಗೆ ಖರ್ಚಿನ ಪಾಲು ಬೇಡ, ಮೇಲೆ ಹೋದಂತೆ ಪಾಲು ಹೆಚ್ಚಲಿ. ಸಿಂಗಪುರದ ಸರ್ಕಾರಿ ವಸತಿ ಮಂಡಳಿ 2001ರಿಂದ ಹಳೆಯ ಬ್ಲಾಕುಗಳಿಗೆ ಲಿಫ್ಟ್ ಸುಧಾರಣೆ ಮಾಡಿದಾಗ ಶೇ 75ರಷ್ಟು ಮನೆಗಳ ಒಪ್ಪಿಗೆಯಿದ್ದರೆ ಸಾಕೆಂದು ನಿಯಮ ಮಾಡಿತ್ತು. ಪ್ರತಿಯೊಬ್ಬರೂ ಸಹಿ ಹಾಕಬೇಕು ಎಂದು ಕಾದರೆ ಇಲ್ಲಿ ಒಂದು ಲಿಫ್ಟೂ ಏಳುವುದಿಲ್ಲ.

ಕೊಳಗೇರಿ ಮಂಡಳಿಯ ಬಹುಮಹಡಿ ಮನೆಗಳಲ್ಲಿ ಕಷ್ಟ ಇನ್ನೂ ಹೆಚ್ಚು. ನೆಲ ಮತ್ತು ಮೂರು ಮಹಡಿ, ಲಿಫ್ಟಿಲ್ಲ, ಮನೆ ಹಂಚಿಕೆ ಲಾಟರಿಯಲ್ಲಿ. ಹಿರಿಯರು ಮತ್ತು ಅಂಗವಿಕಲರಿರುವ ಕುಟುಂಬಗಳಿಗೆ ನೆಲಮಹಡಿ ಅಥವಾ ಕೆಳಮಹಡಿಯಲ್ಲಿ ಆದ್ಯತೆ ಕೊಡಬಹುದೆಂದು 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಅದು ಹಂಚಿಕೆಯ ದಿನದ ವಯಸ್ಸನ್ನಷ್ಟೇ ನೋಡುತ್ತದೆ. ಆ ದಿನ ನಲವತ್ತೆಂಟು ವಯಸ್ಸಿನ, ತಲೆಯ ಮೇಲೆ ಹೊರೆ ಹೊತ್ತು ದುಡಿಯುವ ಹೆಂಗಸಿಗೆ ಮೂರನೇ ಮಹಡಿ ಸಿಕ್ಕರೆ ಹದಿನೈದು ವರ್ಷದ ಮೇಲೆ ಅವರ ಮಂಡಿ ಏನಾಗಿರುತ್ತದೆ? ಮನೆ ಪರಭಾರೆ ಮಾಡುವಂತಿಲ್ಲ ಎಂಬ ಷರತ್ತಿನಿಂದ ಕೆಳಗಿನವರ ಜೊತೆ ಅದಲುಬದಲಿಗೂ ದಾರಿಯಿಲ್ಲ. ಒಂದೇ ಕಾಲೊನಿಯೊಳಗಿನ ಮಹಡಿ ವಿನಿಮಯಕ್ಕೆ ಅವಕಾಶ ಕೊಟ್ಟು, ಮುದ್ರಾಂಕ ಶುಲ್ಕವಿಲ್ಲದೆ ಹಕ್ಕುಪತ್ರ ತಿದ್ದಿಕೊಡಿ. ಪ್ರತಿ ಕಾಲೊನಿಯಲ್ಲಿ ನೆಲಮಹಡಿಯ ಹತ್ತರಲ್ಲೊಂದು ಮನೆಯನ್ನು ಮಂಡಳಿಯೇ ಇಟ್ಟುಕೊಂಡರೆ ವಿನಿಮಯಕ್ಕೆ ಒಪ್ಪುವ ನೆರೆಯವರು ಸಿಗದ ಕುಟುಂಬಕ್ಕೂ ಒಂದು ದಾರಿಯಿರುತ್ತದೆ.

ವೃದ್ಧಾಶ್ರಮಗಳು ಬೇಡವೆಂದು ನಾವು ಹೇಳುವುದಿಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 19ನೇ ಕಲಂ ಜಿಲ್ಲೆಗೊಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ರಾಜ್ಯ ಸರ್ಕಾರ ಆಶ್ರಯ ಕಲ್ಪಿಸಬಹುದೆನ್ನುತ್ತದೆ, ಅದು ಆಗಬೇಕು. ಕೇಂದ್ರ 2019ರಲ್ಲಿ ನಿವೃತ್ತರ ವಸತಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ, ಅದನ್ನೂ ಅಳವಡಿಸಿಕೊಳ್ಳಿ. ಆದರೆ ಬಹುಪಾಲು ಹಿರಿಯರು ಬಯಸುವುದು ತರಕಾರಿಯವರು, ಔಷಧದಂಗಡಿಯವರು ಹೆಸರು ಹಿಡಿದು ಮಾತಾಡಿಸುವ ಅದೇ ರಸ್ತೆಯನ್ನು. ದೊಡ್ಡ ಮನೆ ಮಾರಿ ಅದೇ ವಾರ್ಡಿನಲ್ಲಿ ಒಂದು ಕೋಣೆಯ, ಲಿಫ್ಟಿರುವ ಫ್ಲ್ಯಾಟಿಗೆ ಹೋಗೋಣವೆಂದರೆ ಅಂಥ ಫ್ಲ್ಯಾಟುಗಳೇ ಕಟ್ಟಲ್ಪಡುತ್ತಿಲ್ಲ. ಸಿಕ್ಕರೂ 45 ಲಕ್ಷ ಮೀರಿದ ಮನೆಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ನೋಂದಣಿ ಶುಲ್ಕ. ಅರವತ್ತು ದಾಟಿದವರು ಇದ್ದ ಒಂದೇ ಮನೆ ಮಾರಿ ಚಿಕ್ಕದಕ್ಕೆ ಹೋಗುವಾಗ ಒಮ್ಮೆ ಇದನ್ನು ಮನ್ನಾ ಮಾಡಲು ಸರ್ಕಾರಕ್ಕೆ ಶಿಫಾರಸು ಮಾಡಿ. ಬಿಡಿಎಯ ನಾಗರಿಕ ಸೌಲಭ್ಯ ನಿವೇಶನಗಳಲ್ಲಿ ವಾರ್ಡಿಗೊಂದಾದರೂ ಹಿರಿಯರ ಹಗಲು ಆರೈಕೆ ಕೇಂದ್ರಕ್ಕೆ ಮೀಸಲಿಡಿ.

ಇದ್ದ ಮನೆಗಳನ್ನು ಸರಿಪಡಿಸುವುದಕ್ಕೂ ಸಿಂಗಪುರದ ಇನ್ನೊಂದು ಮಾದರಿ ಒಗ್ಗುತ್ತದೆ. 2012ರಿಂದ ಅಲ್ಲಿ ಹಿಡಿಕೆ, ಜಾರದ ನೆಲ, ಹೊಸ್ತಿಲಿನ ಇಳಿಜಾರುಗಳನ್ನು ವಸತಿ ಮಂಡಳಿಯೇ ಮಾಡಿಸಿಕೊಡುತ್ತದೆ. ಖರ್ಚಿನ ಹೆಚ್ಚಿನ ಪಾಲು ಸರ್ಕಾರದ್ದು. ಇಲ್ಲಿ ಐದೂ ಪಾಲಿಕೆಗಳು ಒಂದೊಂದು ವಾರ್ಡಿನಲ್ಲಿ ಶುರುಮಾಡಬಹುದು: ತರಬೇತಿ ಪಡೆದ ಮೇಸ್ತ್ರಿ ಮತ್ತು ಪ್ಲಂಬರುಗಳ ಪಟ್ಟಿ, ನಿಗದಿತ ದರ, ಎರಡು ಹಿಡಿಕೆ, ಕದ ಹೊರಕ್ಕೆ ತಿರುಗಿಸುವುದು, ಬಿಸಿನೀರಿನ ವಾಲ್ವ್, ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ. ಎರಡು ದಿನದ ಕೆಲಸ. ಟೊಳ್ಳು ಗೋಡೆಯಾದರೆ ಹಿಂಬದಿಗೆ ಉಕ್ಕಿನ ತಗಡು ಕೊಟ್ಟು ಆರಪಾರ ಬೋಲ್ಟ್ ಹಾಕಬೇಕು. ಬರೀ ಪ್ಲಗ್ ಹಾಕಿ ಹೋದವರಿಗೆ ಹಣ ಪಾವತಿಸಬಾರದು. ಬಾಡಿಗೆದಾರರು ಹಿಡಿಕೆ ಕೂರಿಸಿದ್ದಕ್ಕೆ ಮುಂಗಡದಲ್ಲಿ ಕಡಿತ ಮಾಡುವಂತಿಲ್ಲ ಎಂಬ ಸಾಲು ಮಾದರಿ ಬಾಡಿಗೆ ಕರಾರಿನಲ್ಲಿರಲಿ.

ಕೊನೆಯದಾಗಿ ಜಾರಿಯ ಪ್ರಶ್ನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ. ಅದರ ಅಡಿಯ ಮಾನದಂಡಗಳನ್ನು ಬರೀ ಸಲಹೆಯಾಗಿ ಇಡುವುದು ಸಲ್ಲದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿದೆ. ಅವು ಹೆಚ್ಚಾಗಿ ಕಣ್ಣಿಟ್ಟಿರುವುದು ಸಾರ್ವಜನಿಕರು ಬಳಸುವ ಕಟ್ಟಡಗಳ ಮೇಲೆ. 30×40 ಸೈಟಿನ ಮನೆಯನ್ನು ಕಾಯುವುದು ನಿಮ್ಮ ಕಟ್ಟಡ ಉಪವಿಧಿಗಳೇ. ‘ನಂಬಿಕೆ ನಕ್ಷೆ’ಯಲ್ಲಿ ಈಗ ಪರವಾನಗಿ ಪಡೆದ ವಾಸ್ತುಶಿಲ್ಪಿ, ಎಂಜಿನಿಯರುಗಳೇ ದೃಢೀಕರಿಸಿ ಆನ್‌ಲೈನಿನಲ್ಲಿ ನಕ್ಷೆ ಪಡೆಯುತ್ತಾರೆ. 1,200 ಚದರಡಿವರೆಗಿನ ಸೈಟಿನ ಮನೆಗಳಿಗೆ ಸ್ವಾಧೀನಾನುಭವ ಪತ್ರದಿಂದಲೂ (ಒ.ಸಿ.) ವಿನಾಯಿತಿ ಸಿಕ್ಕಿದೆ. ಅಂದರೆ ಮನೆ ಮುಗಿದ ಮೇಲೆ ಪಾಲಿಕೆಯ ಕಣ್ಣು ಅತ್ತ ಬೀಳುವುದೇ ಇಲ್ಲ. ನಕ್ಷೆಯೇ ಮೊದಲ ಮತ್ತು ಕೊನೆಯ ತಪಾಸಣೆ. ಆದ್ದರಿಂದ ಆ ತಂತ್ರಾಂಶದಲ್ಲೇ ಲಿಫ್ಟ್ ಡಕ್ಟ್, ಗುಂಡಿ, ಸಂಪಿನ ಜಾಗ, ಬಾಗಿಲಿನ ಅಗಲ, ಮೆಟ್ಟಿಲಿನ ಏರು ತುಂಬದೆ ನಕ್ಷೆ ಮುಂದಕ್ಕೆ ಹೋಗದಂತೆ ಮಾಡಿ. ದೃಢೀಕರಿಸಿದವರು ಎರಡು ಸಲ ಸ್ಥಳ, ದಿನಾಂಕವಿರುವ ಫೋಟೊ ಹಾಕಲಿ: ಪಾಯದ ಕಾಂಕ್ರೀಟಿಗೆ ಮುನ್ನ ಗುಂಡಿಯದು, ಟೈಲ್ಸಿಗೆ ಮುನ್ನ ಬಚ್ಚಲಿನ ಗೋಡೆಯದು. ನೂರರಲ್ಲಿ ಐದು ಮನೆಗಳನ್ನು ಯಾವುದೆಂದು ಮೊದಲೇ ಹೇಳದೆ ಹೋಗಿ ಅಳೆಯಿರಿ. ಸುಳ್ಳು ಸಹಿ ಸಿಕ್ಕರೆ ಅವರ ದೃಢೀಕರಣದ ಅಧಿಕಾರ ಒಂದು ವರ್ಷ ಅಮಾನತಾಗಲಿ.

ಕರಡು ಉಪವಿಧಿಗಳನ್ನು ಕನ್ನಡದಲ್ಲಿ, ಚಿತ್ರ ಸಹಿತ ಪ್ರಕಟಿಸಿ ಆಕ್ಷೇಪಣೆಗೆ ಅರವತ್ತು ದಿನ ಕೊಡಿ. ಆಕ್ಷೇಪಣೆಗಳನ್ನು ಆನ್‌ಲೈನಿನಲ್ಲಷ್ಟೇ ಅಲ್ಲ, ವಾರ್ಡ್ ಕಚೇರಿಗಳಲ್ಲಿ ಕಾಗದದ ಮೇಲೂ ಸ್ವೀಕರಿಸಿ, ಮತ್ತು ಸಾರ್ವಜನಿಕ ಸಭೆಗಳನ್ನು ಮೆಟ್ಟಿಲಿಲ್ಲದೆ ಒಳಹೋಗಬಹುದಾದ ನೆಲಮಹಡಿಯ ಸಭಾಂಗಣದಲ್ಲಿ, ಹಗಲು ಹೊತ್ತಿನಲ್ಲಿ ನಡೆಸಿ.

ಇಂತಿ,
ನಗರದ ಮನೆಗಳ ವಿನ್ಯಾಸ, ಕಟ್ಟಡ ಕೆಲಸ ಮತ್ತು ಹಿರಿಯರ ಆರೈಕೆಯಲ್ಲಿ ತೊಡಗಿರುವವರು
ಬೆಂಗಳೂರು